ಸುಗ್ಗಿಗೆ ಮುಂಚಿನ ಮನಸ್ಸು



ಬೀಜ, ಗೊಬ್ಬರ, ರೋಗಗಳ ಮಾತನ್ನು ನೀವು ದಿನವೂ ಕೇಳುತ್ತೀರಿ. ಈ ದಿನ ಮನಸ್ಸಿನ ಸುಖದ ಬಗ್ಗೆ ನಾಲ್ಕು ಮಾತು. ಬೇಸಾಯಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರೇ ಮನಃಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋಗೂ ಮನಸ್ಸಿಗೂ ನಂಟು ಹಳೆಯದು.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಸಿನ ಹಾಕಿದವರು ಎಂಟೊಂಬತ್ತು ತಿಂಗಳು ಕಾಯಬೇಕು. ಕಬ್ಬಿಗೆ ಸುಮಾರು ಒಂದು ವರ್ಷ. ಖರ್ಚು ಮಾತ್ರ ದಿನವೂ ಇದ್ದದ್ದೇ. ಗೊಬ್ಬರದಂಗಡಿಯ ಬಾಕಿ, ಮಕ್ಕಳ ಫೀಜು, ಗಿರವಿಗೆ ಹೋದ ಒಡವೆ. ಬಂಡೀಪುರದ ಕಾಡಂಚಿನವರಿಗೆ ಆನೆ, ಹಂದಿಯ ಕಾವಲು ಬೇರೆ. ಬೆಳೆ ಕೈಗೆ ಬರುವ ಮುಂಚಿನ ತಿಂಗಳುಗಳಲ್ಲಿ ಸಣ್ಣ ಮಾತಿಗೂ ಜಗಳ, ಲೆಕ್ಕ ತಪ್ಪುವುದು, ಮರೆವು. ‘ಇವನಿಗೆ ಬುದ್ಧಿ ಸಾಲದು’ ಎಂದು ನೆರೆಯವರು ಅಂದುಬಿಡುತ್ತಾರೆ.

ಈ ಮಾತು ನಿಜವೇ? ನೆರೆಯ ತಮಿಳುನಾಡಿನಲ್ಲಿ 464 ಮಂದಿ ಕಬ್ಬು ಬೆಳೆಗಾರರನ್ನು ವಿದ್ವಾಂಸರು ಪರೀಕ್ಷಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಟಾವಿಗೆ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ, ಅದೇ ರೈತರಿಗೆ ಬುದ್ಧಿಗೆ ಕೆಲಸ ಕೊಡುವ ಒಗಟುಗಳನ್ನು ಕೊಟ್ಟರು. ಹಣ ಬಂದ ಮೇಲೆ ಅದೇ ಜನ ಹೆಚ್ಚು ಒಗಟು ಬಿಡಿಸಿದರು. ಒಂದು ಪರೀಕ್ಷೆಯಿಂದ ಎಲ್ಲವೂ ತೀರ್ಮಾನವಾಗದು. ಆದರೂ ನಮ್ಮ ಅನುಭವಕ್ಕೆ ಇದು ಒಪ್ಪುತ್ತದೆ. ಒಂದೇ ಮೋಟರಿನ ನೀರನ್ನು ಎರಡು ಹೊಲಕ್ಕೆ ಬಿಟ್ಟರೆ ಎರಡೂ ಕಡೆ ಸಣ್ಣಗೆ ಹರಿಯುತ್ತದಲ್ಲವೆ? ಸಾಲದ ಚಿಂತೆ ಹಾಗೆಯೇ ಬುದ್ಧಿಯ ನೀರನ್ನು ಎಳೆದುಕೊಳ್ಳುತ್ತದೆ.

ಆದ್ದರಿಂದ ಮೂರು ಕೆಲಸ ಮಾಡಿ. ಮೊದಲನೆಯದು, ಬೋರು ಕೊರೆಸುವುದು, ಹೊಲ ಮಾರುವುದು, ಮೀಟರ್ ಬಡ್ಡಿಗೆ ಸಾಲ ತರುವುದು—ಇಂಥ ತೀರ್ಮಾನಗಳನ್ನು ಆ ಬಿಗಿ ತಿಂಗಳಲ್ಲಿ ಮಾಡಬೇಡಿ. ತಪ್ಪಿಸಲಾಗದಿದ್ದರೆ ಒಂದು ರಾತ್ರಿ ಕಳೆಯಲಿ, ಮನೆಯಾಕೆಯ ಜೊತೆ ಕೂತು ಲೆಕ್ಕ ಹಾಕಿ. ಎರಡನೆಯದು, ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ವಾಯಿದೆ ಯಾವಾಗ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ತಲೆಯಲ್ಲಿ ಸುತ್ತುವ ಸಾಲಕ್ಕಿಂತ ಹಾಳೆಯ ಮೇಲಿನ ಸಾಲವನ್ನು ನಿಭಾಯಿಸುವುದು ಸುಲಭ. ಮೂರನೆಯದು, ಮಂಡಿಯಿಂದ ಹಣ ಬಂದ ದಿನವೇ ಮುಂದಿನ ಬಿಗಿ ತಿಂಗಳಿಗೆಂದು ಸ್ವಲ್ಪ ಎತ್ತಿಡಿ.

ಪ್ರಪಂಚದ ಹಲವು ದೇಶಗಳಲ್ಲಿ ಜನರ ಸುಖವನ್ನು ಅಳೆಯುವವರು ಒಂದು ಪ್ರಶ್ನೆ ಕೇಳುತ್ತಾರೆ: ‘ಬಾಳು ಹತ್ತು ಮೆಟ್ಟಿಲ ಏಣಿಯಾದರೆ ನೀವು ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ?’ ಜೊತೆಗೆ, ‘ಕಷ್ಟಕ್ಕೆ ನೆಚ್ಚುವಂಥವರು ಯಾರಾದರೂ ಇದ್ದಾರೆಯೆ?’ ಎಂದೂ ಕೇಳುತ್ತಾರೆ. ನೆಚ್ಚುವವರಿದ್ದಾರೆ ಎಂದವರು ಸಾಮಾನ್ಯವಾಗಿ ಮೇಲಿನ ಮೆಟ್ಟಿಲನ್ನೇ ಹೇಳುತ್ತಾರೆ. ಅಂಥ ನೆಚ್ಚಿಕೆ ನಮ್ಮ ಜಗಲಿಗಳಲ್ಲಿದೆ. ಮುಚ್ಚಿಟ್ಟುಕೊಂಡವರಿಗೆ ಮಾತ್ರ ಸಿಗದು.

ತಾಯಂದಿರೆ, ಮನೆಯಲ್ಲಿ ಯಾರಾದರೂ ಊಟ, ನಿದ್ರೆ ಬಿಟ್ಟು ಮೌನವಾದರೆ, ‘ನಾನಿಲ್ಲದಿದ್ದರೇ ವಾಸಿ’ ಎಂದರೆ, ಹಗುರವಾಗಿ ಎಣಿಸಬೇಡಿ. ನೇರವಾಗಿ ಕೇಳಿ, ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೇಳಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ನಿಜ. ಆದರೆ ಸಾಲ ತೀರಿಸುವ ದಾರಿ ಹುಡುಕಲು ಬುದ್ಧಿಗೆ ಬಿಡುವು ಸಿಗುತ್ತದೆ.