ಪನ್ಹಾಳದ ಸೆರೆಯಲ್ಲಿ ಒಬ್ಬ ರಾಜಕುಮಾರ



ಈ ಭಾಗದ ಭಕ್ತರಿಗೆ ಕೊಲ್ಲಾಪುರದ ಮಹಾಲಕ್ಷ್ಮಿ ಮನೆಯ ತಾಯಿ ಇದ್ದಂತೆ. ಗಂಡಾಂತರದ ದಿನಗಳಲ್ಲಿ ಅರ್ಚಕರ ಮನೆಯಲ್ಲಿ ಬಚ್ಚಿಟ್ಟಿದ್ದ ಆ ತಾಯಿಯ ಮೂರ್ತಿಯನ್ನು 1715ರ ವಿಜಯದಶಮಿಯಂದು ಮತ್ತೆ ಗುಡಿಯಲ್ಲಿ ಪ್ರತಿಷ್ಠಾಪಿಸಲಾಯಿತೆಂದು ದೇವಾಲಯದ ಇತಿಹಾಸ ಹೇಳುತ್ತದೆ. ಆಗ ಅರಸನಾಗಿದ್ದವನು ಸಂಭಾಜಿ. ದೇವಿ ತನ್ನ ಸ್ಥಾನಕ್ಕೆ ಬಂದ ಆ ಹೊತ್ತಿನಲ್ಲಿ ಅರಸನ ಅಣ್ಣ ಶಿವಾಜಿ ಪನ್ಹಾಳದ ಕೋಟೆಯಲ್ಲಿ ಸೆರೆಯಾಗಿದ್ದನು.

ಇವನು ಶಿವಾಜಿ ಮಹಾರಾಜರ ಮೊಮ್ಮಗ, ರಾಜಾರಾಮ ಮತ್ತು ತಾರಾಬಾಯಿಯರ ಮಗ. 1696ರಲ್ಲಿ ಹುಟ್ಟಿದ ಕೂಸು. 1700ರಲ್ಲಿ ತಂದೆ ತೀರಿಕೊಂಡಾಗ ನಾಲ್ಕು ವರ್ಷವೂ ತುಂಬಿರಲಿಲ್ಲ. ತಾಯಿ ಅವನನ್ನು ಗಾದಿಯ ಮೇಲೆ ಕೂರಿಸಿ, ಔರಂಗಜೇಬನ ದಂಡನ್ನು ಏಳು ವರ್ಷ ಎದುರಿಸಿದಳು. ರಾಜ್ಯ ಉಳಿದದ್ದು ಆ ಹೆಣ್ಣುಮಗಳ ಎದೆಗಾರಿಕೆಯಿಂದ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಗ ಹೆಸರಿಗಷ್ಟೇ ರಾಜ. 1707ರಲ್ಲಿ ಮೊಗಲರ ಕೈಯಿಂದ ಬಿಡುಗಡೆಯಾಗಿ ಬಂದ ಶಾಹು ಸಾತಾರೆಯನ್ನು ಹಿಡಿದನು. ತಾಯಿ ಮಗ ಪನ್ಹಾಳಕ್ಕೆ ಬಂದು ಬೇರೆ ಗಾದಿ ಕಟ್ಟಿದರು.

ಅಲ್ಲಿಯೂ ನೆಲೆ ನಿಲ್ಲಲಿಲ್ಲ. ರಾಜಾರಾಮನ ಮತ್ತೊಬ್ಬ ರಾಣಿ ರಾಜಸಬಾಯಿ, ನಮ್ಮ ಕಾಗಲದ ಘಾಟಗೆ ಮನೆತನದ ಮಗಳು. 1714ರಲ್ಲಿ ಆಕೆಯ ಮಗ ಸಂಭಾಜಿ ಗಾದಿಗೇರಿದನು. ಹದಿನೆಂಟರ ಶಿವಾಜಿಯನ್ನೂ ತಾರಾಬಾಯಿಯನ್ನೂ ಬಂಧನದಲ್ಲಿಟ್ಟರು. ಏರಿಸಿದ್ದೂ ಹಿರಿಯರು, ಇಳಿಸಿದ್ದೂ ಹಿರಿಯರು. ಹುಡುಗನ ತಪ್ಪು ಇದರಲ್ಲಿ ಏನಿತ್ತು? 1726ರ ಸುಮಾರಿಗೆ ಅವನು ಸೆರೆಯಲ್ಲಿಯೇ ತೀರಿಕೊಂಡನು.

ಮುಂದೆ 1731ರಲ್ಲಿ ವಾರಣೆಯ ಒಪ್ಪಂದವಾಯಿತು. ವಾರಣೆ ಕೃಷ್ಣೆಯನ್ನು ಕೂಡುವ ಜಾಗ ಉದಗಾಂವಕ್ಕೆ ದೂರವೇನಲ್ಲ; ಆ ಸಂಗಮದಿಂದ ತುಂಗಭದ್ರೆಯ ಸಂಗಮದವರೆಗಿನ ದಕ್ಷಿಣದ ಸೀಮೆ ಕೊಲ್ಲಾಪುರದ ಪಾಲಿಗೆ ಬಂತು. ಅದಕ್ಕೂ ಮೊದಲೇ ತಾರಾಬಾಯಿ ಶಾಹುವಿನ ಆಶ್ರಯಕ್ಕೆ ಸಾತಾರೆಗೆ ಹೋಗಿದ್ದಳು.

ಶಾಹುವಿಗೆ ಗಂಡು ಸಂತಾನ ಉಳಿಯಲಿಲ್ಲ. ಆಗ ತಾರಾಬಾಯಿ, ಸತ್ತ ತನ್ನ ಮಗನಿಗೆ ರಾಮರಾಜನೆಂಬ ಮಗನಿದ್ದಾನೆ, ಅವನನ್ನು ಗುಟ್ಟಾಗಿ ಬೆಳೆಸಲಾಗಿದೆ ಎಂದು ತಿಳಿಸಿದಳು. 1749ರ ಡಿಸೆಂಬರದಲ್ಲಿ ಶಾಹು ತೀರಿಕೊಂಡನು. 1750ರಲ್ಲಿ ರಾಮರಾಜ ಸಾತಾರೆಯ ಛತ್ರಪತಿಯಾದನು. ಪನ್ಹಾಳದಲ್ಲಿ ಕಳೆದುಹೋದ ಮಗನ ಹಕ್ಕು ಮೊಮ್ಮಗನಿಗೆ ದಕ್ಕಿತು. ಆದರೆ ಅವನು ಅಜ್ಜಿಯ ಮಾತಿನಂತೆ ನಡೆಯಲಿಲ್ಲ. ಅದೇ ವರ್ಷ ಅಜ್ಜಿ ಅವನನ್ನು ಸಾತಾರೆಯ ಕೋಟೆಯಲ್ಲಿ ಕೂಡಿಹಾಕಿದಳು. ಮಗನ ಪಾಡು ಮೊಮ್ಮಗನಿಗೂ ಬಂತು, ಈ ಸಲ ಅವಳ ಕೈಯಿಂದಲೇ!

1752ರಲ್ಲಿ ಪೇಶ್ವೆಯೊಡನೆ ರಾಜಿಯಾಯಿತು. ಜೇಜುರಿಯ ಖಂಡೋಬಾ, ಎಂದರೆ ನಮ್ಮ ಮೈಲಾರಲಿಂಗನ ಸನ್ನಿಧಿಯಲ್ಲಿ ತಾರಾಬಾಯಿ ಆಣೆ ಇಟ್ಟು, ರಾಮರಾಜ ತನ್ನ ಮೊಮ್ಮಗನೇ ಅಲ್ಲ ಎಂದಳು. ಆಣೆಗಿಂತ ಮೊದಲಿನ ಮಾತು ದಿಟವೋ, ಆಣೆಯ ಮಾತು ದಿಟವೋ, ಮೈಲಾರನೇ ಬಲ್ಲ. ತಾರಾಬಾಯಿ 1761ರಲ್ಲಿ ತೀರಿಕೊಂಡಳು. ಅಧಿಕಾರವನ್ನೆಲ್ಲ ಪೇಶ್ವೆ ಕೈಯಲ್ಲಿಟ್ಟುಕೊಂಡಿದ್ದನು. ರಾಮರಾಜ 1777ರವರೆಗೂ ಹೆಸರಿಗೆ ಮಾತ್ರ ಛತ್ರಪತಿಯಾಗಿ ಸಾತಾರೆಯಲ್ಲಿ ದಿನ ಕಳೆದನು.