ಬಾಟಿಕ್ ಬಟ್ಟೆ ಕಟ್ಟಿದ ಊರು

ಚಿತ್ರ ಬರೆಯುವವನು ಹೊಟ್ಟೆಗೇನು ಮಾಡಬೇಕು? ಚಿತ್ರಕಲಾ ಶಾಲೆ ಸೇರುತ್ತೇನೆಂದು ಹಟ ಹಿಡಿದ ಹುಡುಗನಿಗೆ ಮನೆಯಲ್ಲಿ ಅಪ್ಪ ಕೇಳುವ ಮೊದಲ ಪ್ರಶ್ನೆ ಇದು. ಒರಟಾಗಿ ಕೇಳಿಸಿದರೂ ತಪ್ಪು ಪ್ರಶ್ನೆಯೇನಲ್ಲ. ಕಲೆಯ ಕುರಿತ ಸಭೆಗಳಲ್ಲಿ ರೇಖೆ, ವರ್ಣ, ಲಯ ಎಲ್ಲದರ ಚರ್ಚೆ ನಡೆಯುತ್ತದೆ. ಈ ಪ್ರಶ್ನೆ ಮಾತ್ರ ಊಟದ ಹೊತ್ತಿಗೆ, ಅದೂ ಪಿಸುಮಾತಿನಲ್ಲಿ ಬರುತ್ತದೆ. 1960ರ ದಶಕದಲ್ಲಿ ಆಗಿನ ಮದರಾಸಿನ ಕೆಲವು ಕಲಾವಿದರು ಇದನ್ನೇ ಮೊದಲು ಎತ್ತಿಕೊಂಡರು. ಅವರು ಕಂಡುಕೊಂಡ ಉತ್ತರವೇ ಚೋಳಮಂಡಲ ಕಲಾಗ್ರಾಮ. ಅದರಲ್ಲಿ ಮೈಸೂರಿನವರೊಬ್ಬರ ಪಾಲೂ ಇದೆ.

ಚೆನ್ನೈನಿಂದ ಮಹಾಬಲಿಪುರದ ಕಡೆಗೆ ಕಡಲಿನ ಪಕ್ಕದಲ್ಲೇ ಸಾಗುವ ರಸ್ತೆಯಲ್ಲಿ ಇಂಜಂಬಾಕ್ಕಂ ಸಿಗುತ್ತದೆ. ಇಂದು ಅದು ನಗರದೊಳಗೇ ಸೇರಿಹೋದ ದುಬಾರಿ ಬಡಾವಣೆ. 1966ರಲ್ಲಿ ಅಲ್ಲಿದ್ದದ್ದು ಮರಳು, ಸರ್ವೆ ಮರಗಳ ತೋಪು, ಉಪ್ಪುಗಾಳಿ. ಆ ಮರಳಿನಲ್ಲಿ ಸುಮಾರು ಹತ್ತು ಎಕರೆ ಕೊಂಡು, ಗರಿಯ ಗುಡಿಸಲು ಕಟ್ಟಿಕೊಂಡು ಇರತೊಡಗಿದವರು ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರು. ಮುಂದೆ ನಿಂತು ನಡೆಸಿದವರು ಅದೇ ಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್. 1911ರಲ್ಲಿ ಹುಟ್ಟಿದ ಪಣಿಕ್ಕರ್ ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ಚಿತ್ರಕಾರ. ಜಾತಕದ ಕುಂಡಲಿ, ಅಂಕಿ, ಮಲಯಾಳಂ ಲಿಪಿಯ ಸಾಲುಗಳನ್ನೇ ಚಿತ್ರವಾಗಿಸಿದ ‘ಪದಗಳು ಮತ್ತು ಸಂಕೇತಗಳು’ ಮಾಲಿಕೆ ಅವರದೇ.

ಮೇಷ್ಟರಿಗೆ ಒಂದು ಕೊರಗು ಇತ್ತು. ಶಾಲೆಯಲ್ಲಿ ಚೆನ್ನಾಗಿ ಬರೆಯುತ್ತಿದ್ದ ಹುಡುಗರು ಹೊರಗೆ ಹೋದ ಮೇಲೆ ಕುಂಚ ಕೆಳಗಿಡುತ್ತಿದ್ದರು. ಜಾಹೀರಾತು ಕಂಪನಿಯೋ ಡ್ರಾಯಿಂಗ್ ಮೇಷ್ಟರ ಕೆಲಸವೋ ಸಿಕ್ಕಿದರೆ ಅದೇ ಪುಣ್ಯ. ಆಧುನಿಕ ಚಿತ್ರ ಕೊಳ್ಳುವವರು ಮದರಾಸಿನಲ್ಲಿ ಬೆರಳೆಣಿಕೆಯಷ್ಟು. ಚಿತ್ರ ಮಾರಿ ಬದುಕುವುದಾಗದಿದ್ದರೆ ಬೇರೆ ಏನನ್ನಾದರೂ ಮಾರಿ ಬದುಕಬೇಕು. ಆದರೆ ಅದು ಕೈಯ ಕಸುಬೇ ಆಗಿರಬೇಕು, ದಿನವನ್ನೆಲ್ಲ ನುಂಗಬಾರದು. ಈ ಲೆಕ್ಕಾಚಾರದಿಂದ ಹುಟ್ಟಿದ್ದು ಕಲಾವಿದರ ಕರಕುಶಲ ಸಂಘ. ಅವರು ಹಿಡಿದ ಮುಖ್ಯ ಕಸುಬು ಬಾಟಿಕ್.

ಬಾಟಿಕ್ ಎಂದರೆ ಬಿಸಿ ಮೇಣದಲ್ಲಿ ಬಟ್ಟೆಯ ಮೇಲೆ ಚಿತ್ತಾರ ಬರೆಯುವುದು. ಮೇಣ ಹತ್ತಿದ ಕಡೆ ಬಣ್ಣ ಹಿಡಿಯದು. ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ. ಒಂದೊಂದು ಬಣ್ಣಕ್ಕೂ ಮತ್ತೆ ಮೇಣ, ಮತ್ತೆ ಅದ್ದುವುದು, ಮತ್ತೆ ಒಣಗಿಸುವುದು. ಕೊನೆಗೆ ಬಿಸಿನೀರಿನಲ್ಲಿ ಮೇಣ ಬಿಡಿಸಿದಾಗ, ಅದು ಬಿರುಕು ಬಿಟ್ಟ ಕಡೆಯೆಲ್ಲ ಬಣ್ಣ ಇಳಿದು ಕೂದಲೆಳೆಯಂಥ ಗೆರೆಗಳು ಮೂಡಿರುತ್ತವೆ. ಒಂದರಂತೆ ಇನ್ನೊಂದು ಬರುವುದಿಲ್ಲ. ಚಿತ್ರ ಬಲ್ಲವರ ಕೈಗೆ ಬಂದರೆ ಈ ಬಟ್ಟೆಯ ಅಂದವೇ ಬೇರೆ, ಗಿರಾಕಿಗಳೂ ಸಿಗುತ್ತಾರೆ. ಸಿಕ್ಕರು ಕೂಡ. ಬಾಟಿಕ್ ಮತ್ತಿತರ ಕುಶಲ ವಸ್ತುಗಳನ್ನು ಮಾರಿ ಬಂದ ಹಣವೇ ಜಮೀನಿಗೆ ಬಂಡವಾಳವಾಯಿತು. ದಿನದ ಒಂದಷ್ಟು ಹೊತ್ತು ಕಸುಬು, ಉಳಿದದ್ದು ಚಿತ್ರಕ್ಕೆ ಎಂಬುದು ಅಲ್ಲಿನ ಕಟ್ಟುಪಾಡು.

ಕಲಾವಿದ ಸೀರೆಗೆ ಬಣ್ಣ ಹಾಕುತ್ತ ಕೂರುವುದೇ ಎಂದು ಮೂಗು ಮುರಿಯಬಹುದು. ಆದರೆ ಕಸುಬು ಬರೀ ಅನ್ನ ಕೊಟ್ಟು ಸುಮ್ಮನಾಗಲಿಲ್ಲ, ಕಲೆಯೊಳಕ್ಕೂ ನುಸುಳಿತು. ಪಣಿಕ್ಕರ್ ಅವರ ಮಗ ನಂದಗೋಪಾಲ್ ತಾಮ್ರ, ಹಿತ್ತಾಳೆಗಳನ್ನು ಬೆಸುಗೆ ಹಾಕಿ ಮಾಡಿದ ಶಿಲ್ಪಗಳಲ್ಲಿ ಗುಡಿಯ ಲೋಹದ ಕೆಲಸದ ನೆನಪು ದಟ್ಟವಾಗಿದೆ. ವಾಸುದೇವ್ ತಾಮ್ರದ ತಗಡಿನ ಮೇಲೆ ಉಬ್ಬುಚಿತ್ರ ತೆಗೆದರು. ಕಲೆ ಮೇಲು, ಕಸುಬು ಕೀಳು ಎಂಬುದು ನಮ್ಮ ಶಿಲ್ಪಿಗಳು, ಚಿತ್ರಗಾರರು ಹೇಳಿದ ಮಾತಲ್ಲ. ಆಮೇಲೆ ಬಂದ ಕಲಾಶಾಲೆಗಳು ಕಲಿಸಿದ್ದು.

ಈ ಎಸ್.ಜಿ. ವಾಸುದೇವ್ ಅವರೇ ಮೊದಲು ಹೇಳಿದ ಮೈಸೂರಿನವರು. 1941ರಲ್ಲಿ ಹುಟ್ಟಿ, ಮದರಾಸಿಗೆ ಹೋಗಿ ಪಣಿಕ್ಕರ್ ಬಳಿ ಕಲಿತು, ಚೋಳಮಂಡಲದ ಸ್ಥಾಪಕರಲ್ಲಿ ಒಬ್ಬರಾದರು. ಪತ್ನಿ ಆರ್ನವಾಜ್ ಕೂಡ ಅಲ್ಲಿನ ಕಲಾವಿದೆಯೇ. ಆ ವರ್ಷಗಳಲ್ಲಿ ಗಿರೀಶ ಕಾರ್ನಾಡರೂ ಮದರಾಸಿನಲ್ಲೇ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದರು. ಆ ಗೆಳೆಯರ ಬಳಗದಿಂದ 1970ರಲ್ಲಿ ‘ಸಂಸ್ಕಾರ’ ಚಿತ್ರ ಬಂತು; ಕಲಾ ನಿರ್ದೇಶನ ವಾಸುದೇವ್ ಅವರದು. ಕನ್ನಡದ ಹೊಸ ಅಲೆಗೆ ಇಂಜಂಬಾಕ್ಕಂನ ಮರಳೂ ಸ್ವಲ್ಪ ಅಂಟಿದೆ ಎಂದರೆ ಅತಿಶಯೋಕ್ತಿಯಲ್ಲ. 1988ರಲ್ಲಿ ಆರ್ನವಾಜ್ ತೀರಿಕೊಂಡರು; ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು.

ಎಲ್ಲವೂ ಸುಖವಾಗಿತ್ತೆಂದು ಹೇಳುವಂತಿಲ್ಲ. ಕೆ. ರಾಮಾನುಜಂ ಎಂಬೊಬ್ಬ ಕಲಾವಿದ ಅಲ್ಲಿದ್ದರು. ಮಾತು ಸರಾಗವಾಗಿ ಬರುತ್ತಿರಲಿಲ್ಲ. ಲೋಕದ ಕಣ್ಣಿಗೆ ಕೆಲಸಕ್ಕೆ ಬಾರದವ. ಅವರೊಳಗಿನ ಚಿತ್ರಕಾರನನ್ನು ಗುರುತಿಸಿ ಹತ್ತಿರ ಇಟ್ಟುಕೊಂಡವರು ಪಣಿಕ್ಕರ್. ರಾಮಾನುಜಂ ಶಾಯಿಯ ಗೆರೆಗಳಲ್ಲಿ ಅರಮನೆ, ರೆಕ್ಕೆಯ ಪ್ರಾಣಿ, ಅಪ್ಸರೆಯರ ಕನಸಿನ ಲೋಕವನ್ನೇ ಕಟ್ಟಿದರು. ಆ ಲೋಕದಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ, ಅದು ಅವರೇ. ಊರು ಕೆಲಸ ಕೊಟ್ಟಿತು, ಜೊತೆಗಾರರನ್ನು ಕೊಟ್ಟಿತು. ಆದರೂ 1973ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಅನ್ನದ ಪ್ರಶ್ನೆ ಬಗೆಹರಿದರೆ ಎಲ್ಲವೂ ಬಗೆಹರಿಯಿತು ಎನ್ನುವವರು ಆ ಗೆರೆಗಳನ್ನು ಒಮ್ಮೆ ನೋಡಬೇಕು.

ಗ್ಯಾಲರಿಯ ಮಾತು ಇಷ್ಟು ತಡವಾಗಿ ಬರಲು ಕಾರಣವಿದೆ. ಚೋಳಮಂಡಲದವರು ಗ್ಯಾಲರಿಯಿಂದ ಶುರು ಮಾಡಲಿಲ್ಲ. ಮೊದಲು ಕಸುಬು, ಆಮೇಲೆ ನೆಲ, ಸೂರು, ಅದರ ಬೆನ್ನಿಗೆ ಗೋಡೆಗಳು. ಅಲ್ಲೇ ಇರುವವರು ಬರೆದದ್ದನ್ನು ಅಲ್ಲೇ ತೂಗುಹಾಕುವ ಗ್ಯಾಲರಿ ಅದು. ಶಿಲ್ಪಗಳು ಹೊರಗೆ ಮರದ ನೆರಳಿನಲ್ಲಿ. ನಮ್ಮ ಊರುಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಮೊದಲು ಕಲಾಭವನ ಎದ್ದು ನಿಲ್ಲುತ್ತದೆ, ಮಂತ್ರಿಗಳು ದೀಪ ಬೆಳಗುತ್ತಾರೆ. ಊರಿನ ಚಿತ್ರಗಾರ ಮಾತ್ರ ಅಂಗಡಿ ಬೋರ್ಡು ಬರೆಯುತ್ತ, ಗಣಪತಿಗೆ ಬಣ್ಣ ಬಳಿಯುತ್ತ, ವರ್ಷಕ್ಕೊಮ್ಮೆ ಆ ಭವನದ ಬಾಡಿಗೆಗೆ ದುಡ್ಡು ಹೊಂದಿಸುತ್ತಿರುತ್ತಾನೆ.

ಪಣಿಕ್ಕರ್ 1977ರಲ್ಲಿ ತೀರಿಕೊಂಡರು, ನಂದಗೋಪಾಲ್ 2017ರಲ್ಲಿ. ವಿಶ್ವನಾಥನ್, ಅಕ್ಕಿತ್ತಂ ನಾರಾಯಣನ್ ಮೊದಲೇ ಪ್ಯಾರಿಸ್ ಸೇರಿದ್ದರು. ಚಿತ್ರಗಳಿಗೆ ಬೆಲೆ ಬಂದ ಮೇಲೆ ಬಾಟಿಕ್‌ನ ಅಗತ್ಯವೂ ಕಡಿಮೆಯಾಯಿತು. 2009ರಲ್ಲಿ ಅಲ್ಲೇ ಮದರಾಸು ಕಲಾ ಚಳವಳಿಯ ವಸ್ತುಸಂಗ್ರಹಾಲಯ ತೆರೆಯಿತು. ಪಣಿಕ್ಕರ್ ಮತ್ತು ಅವರ ಶಿಷ್ಯರ ಕೃತಿಗಳನ್ನು ಒಂದೇ ಸೂರಿನಡಿ ನೋಡಬಹುದು. ಈ ಗೋಡೆಗಳಿಗೆಲ್ಲ ಮೊದಲ ದುಡ್ಡು ತಂದ ಬಾಟಿಕ್ ಬಟ್ಟೆಗಳು ಮಾತ್ರ ಯಾರ್‍ಯಾರ ಮನೆಗೋ ಹೋದವು. ಬಹುಪಾಲು ಉಟ್ಟು, ಒಗೆದು, ಹರಿದು ಮುಗಿದಿರಬೇಕು.