ಮುಗಿದದ್ದೆಲ್ಲ ತೀರಿದ್ದಲ್ಲ

ಇವತ್ತು ನಾಲ್ಕೈದು ಇಂಗ್ಲಿಷ್ ಪದಗಳ ಬಗ್ಗೆ ಮಾತಾಡೋಣ. ಹೆದರಬೇಡಿ, ಇದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಲ್ಲ. ನೀವು ದಿನಾ ಬಳಸೋ ಪದಗಳೇ. ಓವರ್, ಫಿನಿಶ್, ಕ್ಲೋಸ್, ಪ್ಯಾಕಪ್, ದಿ ಎಂಡ್. ಏನೇ ಮುಗಿದರೂ ನಮ್ಮ ಬಾಯಿಗೆ ಮೊದಲು ಬರೋದು ಇವೇ. ಕಾಫಿ ಪುಡಿ ಓವರ್. ಪರೀಕ್ಷೆ ಓವರ್. ಮಾತ್ರೆಯೂ ಎಕ್ಸ್‌ಪೈರ್ ಆಗುತ್ತೆ, ಪಕ್ಕದ ಮನೆ ಹಿರಿಯರೂ ಎಕ್ಸ್‌ಪೈರ್ ಆಗ್ತಾರೆ. ಇನ್ನು ಸರ್ಕಾರ ಬಿದ್ದರೆ ಕೇಳಲೇಬೇಡಿ, ನಮ್ಮ ಟಿವಿಗಳ ಪರದೆ ಮೇಲೆ ದಪ್ಪ ಅಕ್ಷರದಲ್ಲಿ ‘ಗೇಮ್ ಓವರ್’!

ಈ ಪದಗಳಲ್ಲಿ ಕೆಲವನ್ನು ನಮ್ಮ ಬಾಯಿಗೆ ರೂಢಿ ಮಾಡಿದ್ದು ಸಿನಿಮಾ. ಬೆಂಗಳೂರಲ್ಲಿ ಸಿನಿಮಾ ಅಂದ್ರೆ ಗಾಂಧಿನಗರ. ನಿರ್ಮಾಪಕರು, ಹಂಚಿಕೆದಾರರು ಎಲ್ಲ ಅಲ್ಲೇ ಆಫೀಸು ಮಾಡಿದ್ದರಿಂದ ಆ ಬಡಾವಣೆಯ ಹೆಸರೇ ಕನ್ನಡ ಚಿತ್ರರಂಗಕ್ಕೆ ಇನ್ನೊಂದು ಹೆಸರಾಯಿತು. ಗಾಂಧಿನಗರದವರಿಗೆ ಮುಕ್ತಾಯಕ್ಕೆ ಎಷ್ಟು ಮಾತಿದೆ ನೋಡಿ. ದಿನದ ಶೂಟಿಂಗ್ ಮುಗಿದರೆ ‘ಪ್ಯಾಕಪ್’. ಇಡೀ ಚಿತ್ರದ ಶೂಟಿಂಗ್ ಮುಗಿದರೆ ‘ಕುಂಬಳಕಾಯಿ ಒಡೆದ್ವಿ’. ಚಿತ್ರ ಓಡದಿದ್ದರೆ ‘ಎತ್ತಂಗಡಿ’. ಹಳೇ ಚಿತ್ರಗಳ ಕೊನೇ ಫ್ರೇಮಿನಲ್ಲಿ ‘ಶುಭಂ’. ಒಂದು ಇಂಗ್ಲಿಷು, ಮೂರು ನಮ್ಮವು. ಯಾರಿಗೂ ಕಷ್ಟವಾಗಿಲ್ಲ.

ಆದರೆ ಗಾಂಧಿನಗರದ ಟಾಕೀಸುಗಳೇ ಮುಚ್ಚಿದಾಗ ನಾವು ಯಾವ ಪದ ಬಳಸಿದೆವು? ಕೆಂಪೇಗೌಡ ರಸ್ತೆಯಲ್ಲಿ ಹಿಮಾಲಯ ಇಲ್ಲ, ಸಾಗರ್ ಇಲ್ಲ, ಗೀತಾ ಇಲ್ಲ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು. 1968ರಲ್ಲಿ ಸಿನೆರಾಮಾ ಪರದೆಯೊಂದಿಗೆ ಶುರುವಾದ, ಸಾವಿರಕ್ಕೂ ಹೆಚ್ಚು ಸೀಟಿನ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. ಮೆಜೆಸ್ಟಿಕ್ ಟಾಕೀಸಂತೂ ಹೋಗಿ ಎಷ್ಟೋ ಕಾಲವಾಯಿತು. ಬಸ್ಸಿಗೆ, ಮೆಟ್ರೋಗೆ, ಇಡೀ ಏರಿಯಾಗೆ ಅದರ ಹೆಸರು ಮಾತ್ರ ಉಳಿದಿದೆ. ಪ್ರತಿ ಸಲ ಸುದ್ದಿಮನೆಗಳು ಬರೆಯೋದು ಒಂದೇ ಸಾಲು: ‘ಇನ್ನು ನೆನಪು ಮಾತ್ರ’, ‘ತೆರೆ ಬಿತ್ತು’, ‘ದಿ ಎಂಡ್’. ಓದೋಕೆ ಚೆನ್ನಾಗಿದೆ. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು, ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುತ್ತಿದ್ದವರು, ಪ್ರೊಜೆಕ್ಟರ್ ಆಪರೇಟರ್, ಕ್ಯಾಂಟೀನಿನವರು? ಅವರು ಆ ಸಾಲಿನೊಳಗೆ ಎಲ್ಲೂ ಇರಲ್ಲ.

ಇಂಥ ಪದಗಳಲ್ಲಿ ನನಗೆ ಕಾಣೋ ತೊಂದರೆ ಇದೇ. ಇವು ಮುಗಿಯಿತು ಅಂತ ಹೇಳ್ತವೆ, ಮುಗಿಸಿದ್ದು ಯಾರು ಅಂತ ಹೇಳಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಜೊತೆಗೆ ಓದಿದ ಬಹಳ ಜನ ಐಟಿಯಲ್ಲಿದ್ದಾರೆ. ಅಲ್ಲಿನ ಇಂಗ್ಲಿಷ್ ಇನ್ನೂ ನಯ. ಒಂದು ಸಾಫ್ಟ್‌ವೇರನ್ನು ನಿಲ್ಲಿಸಿದರೆ ‘ಸನ್‌ಸೆಟ್ ಮಾಡ್ತಿದ್ದೀವಿ’ ಅಂತಾರೆ. ಸೂರ್ಯ ತಾನಾಗಿ ಮುಳುಗ್ತಾನೆ ಸ್ವಾಮಿ, ಸಾಫ್ಟ್‌ವೇರ್ ತಾನಾಗಿ ಮುಳುಗುತ್ತಾ? ಯಾರೋ ಮೀಟಿಂಗಿನಲ್ಲಿ ಕೂತು ತೀರ್ಮಾನ ಮಾಡಿರ್ತಾರೆ. ಮನುಷ್ಯರನ್ನು ಕೆಲಸದಿಂದ ತೆಗೆದರೆ ‘ಲೆಟ್ ಗೋ’. ಪಂಜರದಲ್ಲಿದ್ದ ಗಿಳಿಯನ್ನು ಹಾರಿಬಿಟ್ಟ ಹಾಗೆ!

ಹಾಗಂತ ಕನ್ನಡವೇನು ಎಲ್ಲವನ್ನೂ ನೇರವಾಗಿ ಹೇಳುತ್ತೆ ಅಂತಲ್ಲ. ದೀಪ ಆರಿಸು ಅಂದರೆ ಅಜ್ಜಿ ಬೈತಿದ್ದರು, ‘ದೀಪ ದೊಡ್ಡದು ಮಾಡು ಅನ್ನೋ’ ಅಂತ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನೋ ಹಾಗಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಇಲ್ಲೂ ಮುಚ್ಚುಮರೆ ಇದೆ. ಆದರೆ ಇದು ದೀಪಕ್ಕೆ, ಮನೆಗೆ ತೋರೋ ಮರ್ಯಾದೆ. ಕಂಪನಿಯ ಮುಚ್ಚುಮರೆ ಇರೋದು ತನ್ನ ಕೈ ಕಾಣಬಾರದು ಅಂತ. ನಮ್ಮ ಸರ್ಕಾರಿ ಕನ್ನಡವೂ ಈ ವಿದ್ಯೆ ಕಲಿತಿದೆ. ‘ಶಾಲೆಯನ್ನು ಮುಚ್ಚಲಾಗಿದೆ.’ ಯಾರು ಮುಚ್ಚಿದ್ದು? ‘ಲಾಗಿದೆ’ಯನ್ನೇ ಕೇಳಬೇಕು.

ಆದರೆ ಕನ್ನಡದಲ್ಲಿ ಒಂದು ಪದ ಇದೆ, ಓವರ್ ಅನ್ನೋದು ಅದರ ಹತ್ತಿರಕ್ಕೂ ಬರಲ್ಲ. ‘ತೀರು’. ಸಾಲ ತೀರಿತು ಅಂತೀವಿ. ಆಸೆ ತೀರಿತು ಅಂತೀವಿ. ಮನುಷ್ಯ ಸತ್ತರೆ ತೀರಿಕೊಂಡರು ಅಂತೀವಿ. ಕೋರ್ಟು ಕೊಡೋ ತೀರ್ಪು ಕೂಡ ಇದೇ ಬೇರಿನಿಂದ ಬಂದದ್ದು. ಮುಗಿಯೋದಕ್ಕೂ ತೀರೋದಕ್ಕೂ ವ್ಯತ್ಯಾಸ ಇದೆ. ಮುಗಿಯೋಕೆ ಹೊತ್ತು ಕಳೆದರೆ ಸಾಕು. ತೀರಬೇಕಾದರೆ ಲೆಕ್ಕ ಚುಕ್ತಾ ಆಗಬೇಕು. ಕೆಲಸ ಬಿಡುವವರು ನಮ್ಮ ಕಡೆ ಹೇಳ್ತಿದ್ದ ಮಾತು ‘ಇಲ್ಲಿನ ಅನ್ನದ ಋಣ ತೀರಿತು’. ಎಂಥ ಮಾತು! ನಾನು ಉಂಡದ್ದಕ್ಕೆ ದುಡಿದೆ, ಬಾಕಿ ಇಲ್ಲ ಅಂತ. ಹಾಗಾದರೆ ಅನ್ನ ಕೊಟ್ಟವರ ಕಡೆಯ ಬಾಕಿ?

ಅದಕ್ಕೂ ಒಂದು ಇಂಗ್ಲಿಷ್ ಪದ ಇದೆ, ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’. ಈ ನಯದ ಪದಗಳ ರಾಶಿಯಲ್ಲಿ ತೀರುವ ಮಾತಾಡೋದು ಇದೊಂದೇ. 1972ರ ಗ್ರ್ಯಾಚುಟಿ ಕಾಯ್ದೆ ಇದಕ್ಕೊಂದು ಲೆಕ್ಕ ಕೊಟ್ಟಿತು. ಹತ್ತು ಜನರಿಗೆ ಕಡಿಮೆ ಇಲ್ಲದ ಕಡೆ ಸತತ ಐದು ವರ್ಷ ದುಡಿದವರು ಕೆಲಸ ಬಿಟ್ಟರೆ, ದುಡಿದ ಪ್ರತಿ ವರ್ಷಕ್ಕೂ 15 ದಿನದ ಸಂಬಳ, ಅದೂ 30 ದಿನದೊಳಗೆ. ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. ಕೊನೇ ಸಂಬಳ 20 ಸಾವಿರ ಇದ್ದು 25 ವರ್ಷ ದುಡಿದಿದ್ದರೆ ಎಷ್ಟಾಯಿತು? ಸುಮಾರು 2 ಲಕ್ಷ 88 ಸಾವಿರ. ಇದು ಭಿಕ್ಷೆ ಅಲ್ಲ, ಇನಾಮೂ ಅಲ್ಲ, ದುಡಿದವರ ಹಕ್ಕು. ಎಷ್ಟೋ ಜನಕ್ಕೆ ಈ ಲೆಕ್ಕವೇ ಗೊತ್ತಿರಲ್ಲ. ‘ಕ್ಲೋಸ್ ಆಯ್ತು, ನಾಳೆಯಿಂದ ಬರಬೇಡಿ’ ಅಂದರೆ ಟಿಫಿನ್ ಡಬ್ಬಿ ಎತ್ತಿಕೊಂಡು ಮನೆಗೆ ಹೋಗಿಬಿಡ್ತಾರೆ. ಓವರ್ ಅನ್ನೋ ಪದ ಕೇಳಿದ ಮೇಲೆ ಮುಂದೆ ಕೇಳೋಕೆ ಏನೂ ಉಳಿದಿಲ್ಲ ಅನ್ನಿಸಿಬಿಡುತ್ತೆ.

ಇಂಗ್ಲಿಷ್ ಪದ ಬಿಡಿ ಅಂತ ನಾನು ಹೇಳ್ತಿಲ್ಲ. ಪ್ಯಾಕಪ್ ಈಗ ಗಾಂಧಿನಗರದ ಕನ್ನಡವೇ. ಟಾಕೀಸು ಮುಚ್ಚಬಾರದು ಅಂತಲೂ ಹೇಳ್ತಿಲ್ಲ. ನಷ್ಟದಲ್ಲಿ ನಡೆಸಿ ಅಂತ ಯಾವ ಮಾಲೀಕರಿಗೂ ಹೇಳೋ ಹಾಗಿಲ್ಲ, ನಾವೂ ಮನೆಯಲ್ಲಿ ಮೊಬೈಲು ಹಿಡಿದು ಕೂತವರೇ. ನಾನು ಕೇಳೋದು ಇಷ್ಟೇ. ನಿಮ್ಮ ರಸ್ತೆಯಲ್ಲಿ ಒಂದು ಟಾಕೀಸು, ಒಂದು ಗಾರ್ಮೆಂಟ್ಸು, ಒಂದು ಹೋಟೆಲು ಬಾಗಿಲು ಹಾಕಿದರೆ, ಅಲ್ಲಿ ದುಡಿಯುತ್ತಿದ್ದವರು ನಿಮಗೆ ಸಿಕ್ಕರೆ, ‘ಅಯ್ಯೋ, ಮುಗಿದೇ ಹೋಯ್ತಾ’ ಅಂತ ಮರುಗೋದರ ಜೊತೆಗೆ ಇನ್ನೊಂದು ಮಾತು ಕೇಳಿ: ‘ನಿಮ್ಮ ಬಾಕಿ ತೀರಿತಾ?’ ಇಲ್ಲ ಅಂದರೆ ಕಾರ್ಮಿಕ ಇಲಾಖೆಯ ದಾರಿ ತೋರಿಸಿ. ಒಂದು ಅರ್ಜಿ ಬರೆದುಕೊಡೋಕೆ ಹತ್ತು ನಿಮಿಷ ಸಾಕು.

ಆ ಬಾಕಿ ತೀರೋವರೆಗೆ ‘ದಿ ಎಂಡ್’ ಅಂತ ಬರೆಯೋ ಅವಸರ ಯಾರಿಗೂ ಬೇಡ, ನಮ್ಮ ಟಿವಿಯವರಿಗಂತೂ ಬೇಡವೇ ಬೇಡ.